ಒಂದಕ್ಕೆ ಹನ್ನೆರಡು

ಜನವರಿ ೯

ಅಪ್ಪ,

ನನಗೆ ಕೆಲಸ ಸಿಕ್ಕಿತು. ಕಾಯಂ ಅಲ್ಲ, ಹನ್ನೊಂದು ತಿಂಗಳಿನದು. ಬ್ಯಾಂಕಿನ ಹೆಡ್ ಆಫೀಸಿನ ನೆಲಮಾಳಿಗೆಯಲ್ಲಿ, ಹಳೆಯ ದಾಖಲೆಗಳ ವಿಭಾಗ. ಸಾಹಿತ್ಯ ಓದಿದವಳಿಗೆ ಬ್ಯಾಂಕಿನಲ್ಲೇನು ಕೆಲಸ ಎಂದು ನೀವು ಕೇಳುತ್ತೀರಿ. ಸಂದರ್ಶನದಲ್ಲಿ ಅವರೂ ಕೇಳಿದರು. ನಾನು ಎಂದಿನಂತೆ ಬಾಯಿ ಬಿಡಲಿಲ್ಲ. "ಮಾತು ಕಮ್ಮಿ. ಒಳ್ಳೇದೇ, ತಪ್ಪೂ ಕಮ್ಮಿ ಇರುತ್ತೆ" ಎಂದು ಸೂಪರಿಂಟೆಂಡೆಂಟ್ ನನ್ನನ್ನೇ ಆರಿಸಿದರು.

ಕೆಲಸ ಇಷ್ಟು: ನಮ್ಮ ಹಣಕ್ಕೂ ನೀವಿರುವ ದೇಶದ ಹಣಕ್ಕೂ ಕಳೆದ ನಲವತ್ತೈದು ವರ್ಷ ದಿನದಿನಕ್ಕೆ ಏನು ದರ ಇತ್ತು ಎಂಬ ಪಟ್ಟಿ ಮಾಡಬೇಕು. ಇದ್ದ ಪಟ್ಟಿ ನೀರು ನುಗ್ಗಿ ಹಾಳಾಗಿದೆ. ಹಾಗಾಗಿ ಹಳೆಯ ಪತ್ರಿಕೆಗಳ ವಾಣಿಜ್ಯ ಪುಟ ತೆಗೆದು ಸೂಪರಿಂಟೆಂಡೆಂಟ್ ಗಟ್ಟಿಯಾಗಿ ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. ಹಾಳೆ ತುಂಬಿದ ಮೇಲೆ ನಾನು ಓದುತ್ತೇನೆ, ಅವರು ಪತ್ರಿಕೆ ನೋಡಿ "ಹೂಂ" ಅನ್ನುತ್ತಾರೆ. ಸಂಜೆಯವರೆಗೂ ಹೂಂ, ಕಥೆ ಕೇಳುವ ಮಗುವಿನ ಹಾಗೆ. ಈಚಿನ ವರ್ಷದಿಂದ ಹಿಂದಕ್ಕೆ ಹೋಗುತ್ತಿದ್ದೇವೆ. ಆದರೆ ನಾನು ಕದ್ದು ಮೊದಲೇ ಎರಡು ದಿನಗಳನ್ನು ನೋಡಿಬಿಟ್ಟೆ. ನಾನು ಹುಟ್ಟಿದ ದಿನ ನಿಮ್ಮಲ್ಲಿನ ಒಂದಕ್ಕೆ ನಮ್ಮ ನಾಲ್ಕೂ ಕಾಲು. ನೀವು ವಿಮಾನ ಹತ್ತಿದ ದಿನ ಆರೂವರೆ. ಇನ್ನೂ ಹಿಂದೆ ಒಂದು ಕಾಲದಲ್ಲಿ ಹದಿನೈದೂ ಇತ್ತೆಂದು ಸೂಪರಿಂಟೆಂಡೆಂಟ್ ಹೇಳಿದರು. ಆ ಕಟ್ಟು ಇನ್ನೂ ಬಿಚ್ಚಿಲ್ಲ.

ಈಗ ಮುಖ್ಯ ವಿಷಯ. ಮನೆ ಯಜಮಾನರು ಮಗಳ ಊರಿಗೆ ಹೋಗಿ ಇರುತ್ತಾರಂತೆ. ನಾವಿರುವ ಮಹಡಿಯ ಎರಡು ಕೋಣೆಗಳನ್ನು ಮಾರುತ್ತಾರೆ. "ಹದಿನೇಳು ವರ್ಷ ಒಂದು ತಿಂಗಳ ಬಾಡಿಗೆ ತಪ್ಪಿಸಿದವರಲ್ಲ ನೀವು. ಮೊದಲ ಮಾತು ನಿಮಗೆ" ಎಂದರು. ಒಂದು ಲಕ್ಷ ಎಂಬತ್ತು ಸಾವಿರ. ಜೂನ್ ಕೊನೆಯವರೆಗೆ ಕಾಯುತ್ತಾರೆ. ಕೆಳಗಿನ ಲಾಂಡ್ರಿಯವರು ಆಗಲೇ ಕೇಳಿದ್ದಾರಂತೆ, ಇವರು ಮಾತು ಕೊಟ್ಟಿಲ್ಲ.

ನಿಮ್ಮ ಹತ್ತಿರ ಹದಿನಾರು ಸಾವಿರ ಕೂಡಿದೆ ಎಂದು ಬರೆದಿದ್ದಿರಿ. ಇವತ್ತಿನ ದರಕ್ಕೆ ಸರಿಯಾಗಿ ಒಂದು ಲಕ್ಷ ಎಂಬತ್ತು ಸಾವಿರ ಆಗುತ್ತದೆ. ಮೂರು ಸಲ ಗುಣಿಸಿ ನೋಡಿದೆ. ಮನೆ ಕೊಂಡ ದಿನವೇ ಗಂಟುಮೂಟೆ ಕಟ್ಟುತ್ತೇನೆ ಎಂದು ಪ್ರತಿ ಸಲ ಹೊರಡುವಾಗ ಹೇಳುತ್ತಿದ್ದಿರಿ. ಅಮ್ಮನಿಗೆ ಅದನ್ನು ನೆನಪಿಸಿದೆ. ಅವಳು ಲಾಂಡ್ರಿಯ ಕೋಟೊಂದಕ್ಕೆ ಗುಂಡಿ ಹಾಕುತ್ತಿದ್ದಳು. ದಾರ ಕಚ್ಚಿ ಹರಿದು "ಹೂಂ" ಅಂದಳು.

ನಿಮ್ಮ ಮಗಳು

ನೀವು ಕೇಳುವ ಮೊದಲೇ: ಇವತ್ತು ಒಂದಕ್ಕೆ ಹನ್ನೊಂದೂ ಕಾಲು.


ಜನವರಿ ೩೦

ಗುಬ್ಬಿಗೆ,

ನಾನು ಚೆನ್ನಾಗಿದ್ದೇನೆ. ನಿನ್ನ ಪತ್ರವನ್ನು ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಾವು ಆರು ಜನ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವನೊಬ್ಬನಿದ್ದಾನೆ, ಅವನಿಗೆ ನಾವಿಟ್ಟ ಹೆಸರು ರೇಡಿಯೊ. ಸ್ವಿಚ್ ಇಲ್ಲದ ರೇಡಿಯೊ. "ನಿನ್ನ ಮಗಳು ದರದ ಬೇರಿಗೇ ಕೈ ಹಾಕಿದಾಳಲ್ಲಣ್ಣ, ಇನ್ನು ನಿನ್ನ ಹಿಡಿಯೋರು ಯಾರು" ಎಂದ. ಆ ರಾತ್ರಿ ಎಲ್ಲರಿಗೂ ಚಹಾ ನಾನೇ ಕೊಡಿಸಿದೆ.

ಹದಿನೈದು ಇತ್ತು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎರಡು ಸಲ ಓದಿದೆ. ಹದಿನೇಳು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿದ್ದೇನೆ. ಹದಿನೈದನೇ ಮಹಡಿಗೆ ಹೋಗಿದ್ದ ಲಿಫ್ಟು ಹನ್ನೆರಡಕ್ಕೆ ಹೋಗದೇ ಇರುತ್ತದೆಯೇ? ಮೋಟರ್ ಅದೇ, ಹಗ್ಗ ಅದೇ. ಈಗ ಹನ್ನೊಂದೂ ಕಾಲಿಗೆ ಬಂದಿದೆ. ಹನ್ನೆರಡಾದರೆ ಒಂದು ಲಕ್ಷ ತೊಂಬತ್ತೆರಡು ಸಾವಿರ. ಮನೆಯ ಬೆಲೆ ಹೋಗಿ ನೋಂದಣಿ ಖರ್ಚೂ ಅದರಲ್ಲೇ ಆಗುತ್ತದೆ, ಯಾರ ಮುಂದೆಯೂ ಕೈ ಚಾಚುವುದಿಲ್ಲ. ಜೂನ್‌ವರೆಗೆ ಸಮಯ ಇದೆ ಎಂದು ಯಜಮಾನರೇ ಹೇಳಿದ್ದಾರಲ್ಲ. ಅವಸರ ಯಾಕೆ?

ಆ ಹದಿನೈದು ಎಷ್ಟು ದಿನ ಇತ್ತು, ನೋಡಿ ಬರೆ. ಅಮ್ಮನ ಆರೋಗ್ಯ ನೋಡಿಕೊ.

ನಿನ್ನ ಅಪ್ಪ


ಫೆಬ್ರವರಿ ೨೪

ಅಪ್ಪ,

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಲಿಫ್ಟಿನ ಮಾತಿಗೆ ನಕ್ಕಳು. ಆಮೇಲೆ ಬರೆದುಕೋ ಅಂದಳು. ಅವಳದೇ ಮಾತು ಇದು: "ನೋಂದಣಿ ಖರ್ಚಿಗೆ ನಾನು ಚೀಟಿ ಎತ್ತಿ ಕೊಡ್ತೀನಿ. ಹನ್ನೆರಡು, ಹದಿಮೂರು ಅಂತ ಕೂರಬೇಡಿ. ಇರೋದನ್ನ ಇರೋ ಹಾಗೆ ಕಳಿಸಿ." ಇನ್ನೊಂದನ್ನೂ ಹೇಳಿದಳು. "ನಿಮ್ಮಪ್ಪ ನನ್ನ ಕಟ್ಕೊಂಡು ಸಂಸಾರ ಮಾಡಿದ್ದು ಆರು ವರ್ಷ. ದರನ ಕಟ್ಕೊಂಡು ಹದಿನೇಳು. ಹಿರೀ ಹೆಂಡ್ತಿ ಯಾರು ಅಂತ ನೀನೇ ಹೇಳು." ಇದನ್ನು ಬರೆಯಬೇಡ ಅಂದಳು. ಬರೆದಿದ್ದೇನೆ.

ಮೊನ್ನೆ ಆಫೀಸಿನಿಂದ ಬರುವಾಗ ಲಾಂಡ್ರಿಯವರು ನಮ್ಮ ಮೆಟ್ಟಿಲಿನ ಅಗಲ ಅಳೆಯುತ್ತಿದ್ದರು. ನನ್ನನ್ನು ನೋಡಿ ಟೇಪು ಸುತ್ತಿದರು. "ಏನಿಲ್ಲ ಕಣಮ್ಮ, ಟೇಪು ಹೊಸದು, ಸರಿ ಇದೆಯಾ ಅಂತ ನೋಡ್ತಿದ್ದೆ." ಅಮ್ಮನಿಗೆ ಹೇಳಿದೆ. ಅವಳು ಹೊಲಿಗೆಯನ್ನು ಅಲ್ಲಿಗೇ ಬಿಟ್ಟು ಎದ್ದಳು. ಗೋಡೆಗೆ ಒಂದೇ ಒಂದು ಮೊಳೆ ಹೊಡೆಯಬಾರದೆಂಬುದು ಯಜಮಾನರ ಮೊದಲ ದಿನದ ಷರತ್ತು, ನಿಮಗೆ ಗೊತ್ತಲ್ಲ. ನಮ್ಮ ಕ್ಯಾಲೆಂಡರ್ ಇಷ್ಟು ವರ್ಷ ಕಿಟಕಿಯ ಸರಳಿಗೇ ಜೋತು ಬಿದ್ದಿದೆ. ಅಮ್ಮ ಸುತ್ತಿಗೆ ತೆಗೆದುಕೊಂಡು ಮುಂದಿನ ಕೋಣೆಯ ಗೋಡೆಗೆ ಒಂದು ಮೊಳೆ ಹೊಡೆದಳು. ಕ್ಯಾಲೆಂಡರ್ ತಂದು ಹಾಕಲಿಲ್ಲ. ಮೊಳೆಯನ್ನು ನೋಡಿಕೊಂಡು ಕೂತಳು.

ಆ ಹದಿನೈದರ ವರ್ಷಗಳಿಗೆ ನಾವಿನ್ನೂ ಹೋಗಿಲ್ಲ. ದರದ ಮೇಲೆ ನನಗೆ ನಂಬಿಕೆ ಇಲ್ಲ ಅಪ್ಪ. ನೆಲಮಾಳಿಗೆಯಲ್ಲಿ ಕೂತು ದಿನಕ್ಕೆ ಎರಡು ತಿಂಗಳಷ್ಟು ದರ ಟೈಪ್ ಮಾಡುತ್ತೇನೆ, ಏರಿದ್ದೂ ಇಳಿದದ್ದೂ ಒಂದೇ ಕೀಲಿಯ ಸದ್ದು. ದಯವಿಟ್ಟು ಕಳಿಸಿ.

ನಿಮ್ಮ ಮಗಳು

ಇವತ್ತು ಹನ್ನೊಂದೂವರೆ.


ಮಾರ್ಚ್ ೧೮

ಗುಬ್ಬಿ,

ಹನ್ನೊಂದೂವರೆ ಎಂದು ನೀನೇ ಬರೆದು, ಕಳಿಸಿ ಎಂದೂ ನೀನೇ ಬರೆದಿದ್ದೀಯ. ಏರುತ್ತಿರುವ ಲಿಫ್ಟನ್ನು ನಡುವೆ ನಿಲ್ಲಿಸಿ ಇಳಿ ಎಂದರೆ ಯಾರು ಇಳಿಯುತ್ತಾರೆ?

ಹಿರಿಯ ಹೆಂಡತಿಯ ಮಾತಿಗೆ ಕೋಣೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಂದು ವಿಷಯ ನಿನಗೆ ಗೊತ್ತಿರಲಿ. ನೀನು ನಾಲ್ಕನೇ ತರಗತಿಯಲ್ಲಿದ್ದಾಗ ನಿನ್ನ ಅಮ್ಮ ಹೊಲಿಗೆ ಯಂತ್ರ ಬೇಕು ಎಂದಳು. ಸಂಬಳ ಕೈಗೆ ಬಂದ ದಿನವೇ, ಮಧ್ಯಾಹ್ನದ ಊಟವನ್ನೂ ಬಿಟ್ಟು ಓಡಿ ಡ್ರಾಫ್ಟ್ ಮಾಡಿಸಿದೆ. ಬೇಗ ಕಳಿಸಿದೆ ಎಂದು ಹೊಗಳುತ್ತಾಳೆ ಎಂದುಕೊಂಡಿದ್ದೆ. ಮರುವಾರವೇ ದರ ಮುಕ್ಕಾಲು ಏರಿತು. ಅವಳ ಪತ್ರ ಬಂತು: "ಒಂದು ವಾರ ತಡೀಬಾರದಿತ್ತಾ? ಮೋಟರ್ ಇರೋ ಯಂತ್ರನೇ ಬರ್ತಿತ್ತು. ಈಗ ಕಾಲಲ್ಲಿ ತುಳೀತಿದೀನಿ." ಅವಳು ಇವತ್ತಿಗೂ ತುಳಿಯುತ್ತಲೇ ಇದ್ದಾಳೆ. ರಜೆಗೆ ಬಂದಾಗಲೆಲ್ಲ ಆ ಸದ್ದು ಕೇಳುತ್ತೇನೆ. ಅವಳು ಮತ್ತೆ ಬಾಯಿಬಿಟ್ಟು ಏನೂ ಹೇಳಿಲ್ಲ. ಯಂತ್ರ ಹೇಳುತ್ತದೆ.

ಕಾಯುವುದನ್ನು ಕಲಿಸಿದವಳು ಅವಳೇ. ಈಗ ಕಾಯಬೇಡ ಅನ್ನುತ್ತಾಳೆ.

ಚೀಟಿ ಎತ್ತುವುದು ಬೇಡ ಎಂದು ಹೇಳು. ಹೆಂಡತಿಯ ಗುಂಡಿ ಕಾಸಿನಲ್ಲಿ ನೋಂದಣಿ ಆದ ಮನೆ ಎಂದು ನಾಲ್ಕು ಜನ ಆಡಿದರೆ ಅಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ. ಇನ್ನು ಅರ್ಧ ಏರಿದರೆ ಸಾಕು.

ಅಪ್ಪ


ಏಪ್ರಿಲ್ ೨೦

ಅಪ್ಪ,

ಇಪ್ಪತ್ತು ದಿನದಿಂದ ಹನ್ನೊಂದೂ ಮುಕ್ಕಾಲಿಗೆ ನಿಂತಿದೆ. ನಿಮಗೂ ಗೊತ್ತಿರುತ್ತದೆ. ಈ ದರಕ್ಕೆ ಮನೆ ಬರುತ್ತದೆ, ನೋಂದಣಿಗೆ ನಾಲ್ಕು ಸಾವಿರವಷ್ಟೇ ಕಡಿಮೆ. ಆ ನಾಲ್ಕು ಸಾವಿರ ನನ್ನ ಸಂಬಳದಲ್ಲಿ ಉಳಿದಿದೆ. ಗುಂಡಿ ಕಾಸಲ್ಲ ಅದು, ನೀವು ಓದಿಸಿದ ಓದಿನ ಕಾಸು. ಇದಕ್ಕೂ ಬೇಡ ಎಂದರೆ ನನಗೆ ಇನ್ನೇನು ಬರೆಯಬೇಕೋ ತಿಳಿಯುವುದಿಲ್ಲ.

ಯಜಮಾನರು ಭಾನುವಾರ ಮಹಡಿ ಹತ್ತಿ ಬಂದರು. ಮೊಳೆಯನ್ನು ನೋಡಿದರು, ನೋಡದವರ ಹಾಗೆ ಕೂತರು. "ಲಾಂಡ್ರಿಯವರು ಪೂರ್ತಿ ಹಣ ಒಟ್ಟಿಗೇ ಕೊಡ್ತೀನಿ ಅಂತಿದಾರೆ. ನಾನು ಜೂನ್ ಅಂತ ಹೇಳಿದೀನಿ, ಮಾತು ಮಾತೇ. ಆದ್ರೂ ನಿಮ್ಮೋರಿಗೆ ಒಂದು ಬರೀರಿ" ಎಂದರು. ಅಮ್ಮ, "ಬರೀತಾನೇ ಇದಾಳೆ. ಅವಳ ಕೈ ಸವೀತಾ ಇದೆ, ಅವರ ಮನಸ್ಸು ಸವೀತಿಲ್ಲ" ಅಂದಳು.

ಮನೆ ನಮ್ಮದಾದರೆ ಮುಂದಿನ ಕೋಣೆಯಲ್ಲಿ ಎರಡು ಯಂತ್ರ ಹಾಕಿ ಇಬ್ಬರು ಹುಡುಗಿಯರನ್ನು ಇಟ್ಟುಕೊಳ್ಳುತ್ತಾಳಂತೆ. ಹಿಂದಿನ ಕೋಣೆ ಅವಳಿಗೂ ನನಗೂ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಯಂತ್ರಗಳ ಜಾಗ ಗುರುತು ಹಾಕಿದ್ದಾಳೆ. "ಅಪ್ಪ ಬಂದ್ಮೇಲೆ ಎಲ್ಲಿ ಮಲಗ್ತಾರೆ?" ಎಂದು ಕೇಳಿದೆ. "ಬರ್ಲಿ ಮೊದ್ಲು" ಅಂದಳು. ಗುರುತು ಹಾಗೇ ಇದೆ.

ನಿಮ್ಮ ಮಗಳು

ದರ ಮೇಲೆ ಬರೆದಿದ್ದೇನೆ.


ಮೇ ೧೪

ಗುಬ್ಬಿ,

ಹನ್ನೆರಡು ಆಯಿತು. ಸೋಮವಾರ ಬೆಳಿಗ್ಗೆ ಬ್ಯಾಂಕಿನ ಹಲಗೆಯ ಮೇಲೆ ಕಣ್ಣಾರೆ ನೋಡಿದೆ.

ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಪಾಸ್‌ಬುಕ್ಕು ಹಿಡಿದು ಸಾಲಿನಲ್ಲಿ ನಿಂತೆ. ನಮ್ಮ ಕಡೆಯವರೇ ಒಂದು ನಲವತ್ತು ಜನ. ನನ್ನ ಮುಂದೆ ಒಬ್ಬ ಟೈಲ್ಸ್ ಹಾಕುವವನು, ಹಿಂದೆ ರೇಡಿಯೊ. ಟೈಲ್ಸ್‌ನವನು, "ಏನಣ್ಣ, ಇವತ್ತೇ ಕಳಿಸ್ತೀರಾ?" ಎಂದ. "ಮತ್ತೆ ನೀನು ಯಾಕೆ ನಿಂತಿದೀಯಪ್ಪ?" ಎಂದೆ. "ನಿಂತಿದೀನಿ. ಆದ್ರೆ ನೋಡಿ, ನಾಲ್ಕು ತಿಂಗಳಲ್ಲಿ ಮುಕ್ಕಾಲು ಏರಿದೆ. ಇದು ನಿಲ್ಲೋ ಲಕ್ಷಣ ಅಲ್ಲ" ಎಂದ. ರೇಡಿಯೊ ಹಿಂದಿನಿಂದ, "ಇವರ ಮಗಳು ದರದ ಆಫೀಸಲ್ಲೇ ಇದಾಳೆ, ಹದಿನೈದರವರೆಗೂ ಹೋಗಿತ್ತಂತೆ" ಎಂದ. ಅಷ್ಟೇ ಸಾಕಾಯಿತು. ಒಬ್ಬ ಸಾಲು ಬಿಟ್ಟು ಹೊರಗೆ ಹೋಗಿ ಬೀಡಿ ಹಚ್ಚಿದ. ಇನ್ನೊಬ್ಬ ಅವನ ಹಿಂದೆ ಹೋದ. ಟೈಲ್ಸ್‌ನವನು ಹೋದ. ನನ್ನ ಮುಂದೆ ಯಾರೂ ಉಳಿಯಲಿಲ್ಲ. ಕಿಟಕಿಯ ಹುಡುಗಿ ಕೈ ಚಾಚಿ, "ಎಷ್ಟು?" ಎಂದು ಕೇಳಿದಳು.

ಎಲ್ಲರೂ ಹೊರಗೆ ನಿಂತು ನನ್ನನ್ನೇ ನೋಡುತ್ತಿದ್ದರು. ನಿನ್ನ ಅಮ್ಮನ ಆ ಪತ್ರ ನೆನಪಾಯಿತು. ಒಂದು ವಾರ ತಡೆಯಬಾರದಿತ್ತಾ.

"ನಾಳೆ ಬರ್ತೀನಮ್ಮ" ಎಂದೆ.

ಇವತ್ತು ಹನ್ನೆರಡರ ಮೇಲೆ ಸ್ವಲ್ಪ ಇದೆ. ಹನ್ನೆರಡೂವರೆ ಆದರೆ ಇನ್ನೂ ಎಂಟು ಸಾವಿರ ಉಳಿಯುತ್ತದೆ, ಅಮ್ಮನಿಗೆ ಮೋಟರ್ ಇರುವ ಯಂತ್ರ ತರಬಹುದು. ಇದನ್ನು ಅವಳಿಗೆ ಹೇಳಬೇಡ. ಜೂನ್ ಒಂದಕ್ಕೆ ಏನಾದರೂ ಆಗಲಿ, ಡ್ರಾಫ್ಟ್ ಕಳಿಸಿಯೇ ಕಳಿಸುತ್ತೇನೆ. ಕಂಪನಿಗೂ ಬಿಡುತ್ತೇನೆ ಎಂದು ಬಾಯಿಮಾತಿನಲ್ಲಿ ಹೇಳಿದ್ದೇನೆ.

ಅಪ್ಪ


ಜೂನ್ ೧೧

ಅಪ್ಪ,

ನೀವು ಇರುವ ದೇಶದ ಸುದ್ದಿಯನ್ನು ನಾನು ನಿಮಗೆ ಬರೆಯಬೇಕಾಗಿಲ್ಲ. ನೀವು ಹೇಳಿದ ಜೂನ್ ಒಂದಕ್ಕೆ ಮೊದಲೇ, ಶನಿವಾರ ಸಂಜೆ ಅಲ್ಲಿನ ಸರ್ಕಾರ ಹಣದ ಬೆಲೆ ಇಳಿಸಿತು, ಬ್ಯಾಂಕುಗಳು ನಾಲ್ಕು ದಿನ ಮುಚ್ಚಿದವು, ತೆರೆದಾಗ ಒಂದಕ್ಕೆ ಆರೂವರೆ. ನಾನು ಅದನ್ನು ತಿಳಿದದ್ದು ಹೀಗೆ: ಹಳೆಯ ಪಟ್ಟಿಯ ಜೊತೆಗೆ ಆಯಾ ದಿನದ ದರವನ್ನೂ ಬೆಳಿಗ್ಗೆ ಮೊದಲು ಸೇರಿಸುತ್ತೇವೆ. ಸೂಪರಿಂಟೆಂಡೆಂಟ್ ಕಾಗದ ನೋಡಿ ಓದಲಿಲ್ಲ. ಕನ್ನಡಕ ಒರೆಸಿಕೊಂಡರು. "ನಿಮ್ಮ ತಂದೆಯವರು ಕಳಿಸಿಯಾಗಿತ್ತಾ?" ಎಂದರು. ನಾನು ಯಂತ್ರಕ್ಕೆ ಹೊಸ ಹಾಳೆ ಸೇರಿಸಿದೆ. ಅವರು ಓದಿದರು. ನಾನು ಟೈಪ್ ಮಾಡಿ, ತಿರುಗಿ ಓದಿದೆ. ಅವತ್ತು ಅವರು ಹೂಂ ಅನ್ನಲಿಲ್ಲ.

ಆರೂವರೆ ಎಂದರೆ ನೀವು ವಿಮಾನ ಹತ್ತಿದ ದಿನದ ದರ. ಹದಿನಾರು ಸಾವಿರಕ್ಕೆ ಈಗ ಒಂದು ಲಕ್ಷ ನಾಲ್ಕು ಸಾವಿರ. ಎಪ್ಪತ್ತಾರು ಸಾವಿರ ಕಡಿಮೆ. ಚೀಟಿಯೂ ನನ್ನ ಉಳಿತಾಯವೂ ಸೇರಿದರೂ ಹತ್ತಿರಕ್ಕೆ ಬರುವುದಿಲ್ಲ.

ಅಮ್ಮ ಅಳಲಿಲ್ಲ. ಮರುದಿನ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಯಜಮಾನರ ಮನೆಗೆ ಹೋದಳು. ನಾನೂ ಜೊತೆಗೆ ಹೋದೆ. ಅವರು ಕೂರಿ ಎಂದರೂ ಕೂರಲಿಲ್ಲ. "ಜೂನ್ ಕೊನೆವರೆಗೂ ನೀವು ಕಾಯೋದು ಬೇಡ. ಲಾಂಡ್ರಿಯೋರಿಗೇ ಕೊಟ್ಟುಬಿಡಿ" ಅಂದಳು. ಅವರು "ಇನ್ನೂ ದಿನ ಇದೆಯಲ್ಲಮ್ಮ" ಎಂದರು. "ದಿನ ಇದೆ. ನಮ್ಮ ಹತ್ರ ಅದೊಂದೇ ಇರೋದು" ಅಂದಳು.

ಲಾಂಡ್ರಿಯವರು ನಮ್ಮನ್ನು ಬಿಡಿಸುವುದಿಲ್ಲವಂತೆ. ಬಾಡಿಗೆ ಮಾತ್ರ ಒಂದೂವರೆ ಪಟ್ಟು. ಅಮ್ಮ ಅವರ ಕೋಟುಗಳಿಗೇ ಗುಂಡಿ ಹಾಕಿ ಅವರಿಗೇ ಬಾಡಿಗೆ ಕೊಡುತ್ತಾಳೆ. "ಕೈಯಿಂದ ಕೈಗೆ, ಅಂಚೆ ಖರ್ಚಿಲ್ಲ" ಅಂದಳು.

ಸಾಲಿನ ಮುಂದೆ ಒಬ್ಬನೇ ನಿಂತಿದ್ದೆ ಎಂದು ಬರೆದಿರಲ್ಲ ಅಪ್ಪ. ಆ ಪತ್ರವನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ನನ್ನ ಬ್ಯಾಗಿನಲ್ಲಿದೆ. ಬಸ್ಸಿನಲ್ಲಿ ತೆಗೆದು ಓದುತ್ತೇನೆ, ಆ ಹುಡುಗಿ ಕೈ ಚಾಚುವಲ್ಲಿಗೆ ಬಂದು ನಿಲ್ಲಿಸುತ್ತೇನೆ.

ಮಗಳು


ಜುಲೈ ೬

ಗುಬ್ಬಿ,

ಬಹಳ ದಿನ ಬರೆಯಲಾಗಲಿಲ್ಲ. ನಾನು ಚೆನ್ನಾಗಿದ್ದೇನೆ.

ಕೋಣೆಯಲ್ಲಿ ಈಗ ಯಾರೂ ದರ ಕೇಳುವುದಿಲ್ಲ. ಮೇಲಿನ ಮಂಚದವನು ರೇಡಿಯೊಗೆ ಹೊಡೆದ. ರೇಡಿಯೊ ಕೈ ಎತ್ತಲಿಲ್ಲ, "ಹೊಡಿ, ನಂದೂ ಅಲ್ಲೇ ಇತ್ತು" ಎಂದ. ಅವನದು ನನ್ನದಕ್ಕಿಂತ ಹೆಚ್ಚಿತ್ತು. ತಂಗಿಯ ಮದುವೆಗೆ ಇಟ್ಟದ್ದು.

ಹದಿನೇಳು ವರ್ಷ ಮೇಲೆ ಕೆಳಗೆ ಹೋಗಿ ನೆಲಮಹಡಿಗೇ ಬಂದು ನಿಂತೆ. ಇರಲಿ.

ಒಂದು ಕೇಳುತ್ತೇನೆ, ಸರಿಯಾಗಿ ನೋಡಿ ಬರೆ. ಒಂದು ಕಾಲದಲ್ಲಿ ಹದಿನೈದು ಇತ್ತು ಎಂದಿದ್ದೆಯಲ್ಲ. ಅಲ್ಲಿಂದ ಬಿದ್ದದ್ದು ಮೊದಲಿನ ಜಾಗಕ್ಕೆ ವಾಪಸ್ ಬರಲು ಎಷ್ಟು ವರ್ಷ ಹಿಡಿಯಿತು? ಪಟ್ಟಿ ನಿನ್ನ ಕೈಯಲ್ಲಿದೆ. ಎಷ್ಟು ವರ್ಷ ಎಂದು ಗೊತ್ತಾದರೆ ಅಷ್ಟು ವರ್ಷ ಇಲ್ಲಿದ್ದು, ಹಣವನ್ನು ಮುಟ್ಟದೆ ಕಾಯುತ್ತೇನೆ. ಆ ಮನೆ ಹೋದರೆ ಇನ್ನೊಂದು. ಕಂಪನಿಯವರು ಬಿಡುತ್ತೀಯೋ ಇರುತ್ತೀಯೋ ಎಂದು ಕೇಳುತ್ತಿದ್ದಾರೆ. ನಿನ್ನ ಉತ್ತರ ನೋಡಿ ಹೇಳುತ್ತೇನೆ ಎಂದಿದ್ದೇನೆ.

ಅಪ್ಪ


ಜುಲೈ ೨೯

ಅಪ್ಪ,

ಆ ವರ್ಷಗಳ ಕಟ್ಟು ಬಿಚ್ಚಿ ಆಯಿತು. ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಗೊತ್ತು.

ಪತ್ರ ಬರೆಯಲು ಕೂತಾಗ ಅಮ್ಮ ಯಂತ್ರ ತುಳಿಯುತ್ತಿದ್ದಳು. "ಏನು ಕೇಳಿದಾರೆ?" ಅಂದಳು. ಹೇಳಿದೆ. ಯಂತ್ರ ನಿಂತಿತು. "ಎಷ್ಟು ವರ್ಷ ಹಿಡೀತಂತೆ?" ಅಂದಳು. ಅದನ್ನೂ ಹೇಳಿದೆ. ಅವಳು ಬಟ್ಟೆಯನ್ನು ಸೂಜಿಯ ಕೆಳಗಿನಿಂದ ಎಳೆದು, ತಿರುಗಿಸಿ, ಮತ್ತೆ ಇಟ್ಟಳು.

"ಎರಡು ವರ್ಷ ಅಂತ ಬರೆ."

"ಸುಳ್ಳಲ್ವಾಮ್ಮ ಅದು?"

"ಬರೆ ಅಂದ್ನಲ್ಲ."

"ಎರಡು ವರ್ಷ ಆದ್ಮೇಲೆ?"

"ಆಗ ಇನ್ನೊಂದು ಎರಡು ವರ್ಷ ಅಂತ ಬರೀಬಹುದು. ಇಷ್ಟು ದಿನ ನಡೀಲಿಲ್ವಾ?" ಅಂದಳು. ಆಮೇಲೆ ನನ್ನ ಕಡೆ ನೋಡದೆ, "ಈಗ ಬಂದು ಅವರು ಎಲ್ಲಿ ಕೂರ್ತಾರೆ, ಏನು ಮಾಡ್ತಾರೆ? ನಂಗೆ ಅಭ್ಯಾಸ ತಪ್ಪಿದೆ ಕಣೆ" ಅಂದಳು. ಯಂತ್ರ ಮತ್ತೆ ಶುರುವಾಯಿತು.

ಎರಡು ವರ್ಷ ಎಂದು ಒಂದು ಪತ್ರ ಬರೆದೆ. ಅದು ನನ್ನ ಅಕ್ಷರದ ಹಾಗೆ ಕಾಣಲಿಲ್ಲ, ಹರಿದೆ. ಇದು ಎರಡನೆಯದು.

ಅಪ್ಪ, ಅದು ವಾಪಸ್ ಬರಲೇ ಇಲ್ಲ. ಹದಿನೈದರಿಂದ ಒಂದೇ ವಾರದಲ್ಲಿ ಎಂಟಕ್ಕೆ ಬಿತ್ತು. ಜನ ಕಾದರು. ಎಂಟರಿಂದ ವರ್ಷ ವರ್ಷ ಜಾರಿ ನಾನು ಹುಟ್ಟುವ ಹೊತ್ತಿಗೆ ನಾಲ್ಕೂ ಕಾಲು. ಅಲ್ಲಿಂದ ಹತ್ತಿ ಹತ್ತಿ ಈ ಮೇ ತಿಂಗಳಲ್ಲಿ ಹನ್ನೆರಡು. ಆ ಹದಿನೈದನ್ನು ಮತ್ತೆ ಯಾರೂ ನೋಡಿಲ್ಲ. ನೋಡುತ್ತೇವೆ ಎಂದು ಕಾದವರ ಪಟ್ಟಿಯನ್ನು ಯಾವ ಬ್ಯಾಂಕೂ ಮಾಡಿಸುವುದಿಲ್ಲ.

ಒಂದು ಲಕ್ಷ ನಾಲ್ಕು ಸಾವಿರ ಸಣ್ಣ ಹಣವಲ್ಲ. ಬಾಡಿಗೆ ಮನೆಯಾದರೂ ಮನೆಯೇ. ಬಂದುಬಿಡಿ. ಅಮ್ಮ ಹಾಗೆ ಅಂದಳೆಂದು ಬರೆಯಬಾರದಿತ್ತೇನೋ. ಆದರೆ ನಿಮ್ಮಿಬ್ಬರ ನಡುವೆ ಬರೆದು ಬರೆದು, ಯಾವ ಮಾತು ಯಾರಿಂದ ಮುಚ್ಚಿಡಬೇಕು ಎಂದು ಲೆಕ್ಕ ಇಡುವುದು ನನಗೆ ಸಾಕಾಗಿದೆ.

ನಿಮ್ಮ ಮಗಳು


ಆಗಸ್ಟ್ ೨೨

ಗುಬ್ಬಿ,

ನಿನ್ನ ಪತ್ರವನ್ನು ಕೋಣೆಯಲ್ಲಿ ಓದಲಿಲ್ಲ. ಕೆಲಸದ ಕಟ್ಟಡದ ತಾರಸಿಯಲ್ಲಿ, ಲಿಫ್ಟಿನ ಮೋಟರ್ ಕೋಣೆಯಲ್ಲಿ ಕೂತು ಓದಿದೆ.

ನೀನು ನಿಜ ಬರೆದೆ. ನಿನ್ನ ಅಮ್ಮನೂ ನಿಜವನ್ನೇ ಹೇಳಿದ್ದಾಳೆ. ನಿನಗೆ ಅದು ದರದ ಮಾತಾಗಿ ಕೇಳಿಸಿತು, ಅದಕ್ಕೆ ಸುಳ್ಳು ಅಂದುಕೊಂಡೆ.

ಹೋದ ವರ್ಷ ರಜೆಗೆ ಬಂದಾಗ ಒಂದು ಬೆಳಿಗ್ಗೆ, ಇಲ್ಲಿಯ ಅಭ್ಯಾಸದಂತೆ ಐದಕ್ಕೇ ಎಚ್ಚರವಾಯಿತು. ನೀರು ಕುಡಿಯೋಣ ಎಂದು ಅಡುಗೆಮನೆಗೆ ಹೋದೆ. ಲೋಟ ಎಲ್ಲಿಡುತ್ತೀರೆಂದು ಗೊತ್ತಾಗಲಿಲ್ಲ. ಅದೂ ಇದೂ ಸದ್ದು ಮಾಡುತ್ತಿದ್ದೆ. ನಿನ್ನ ಅಮ್ಮ ಎದ್ದು ಬಂದು, ಮೇಲಿನ ಹಲಗೆಯಿಂದ ನೆಂಟರಿಗೆ ಇಟ್ಟ ಗಾಜಿನ ಲೋಟ ತೆಗೆದು, ತೊಳೆದು, ನೀರು ತುಂಬಿ ಕೊಟ್ಟಳು. ಮುನಿಸಿನಿಂದ ಅಲ್ಲ. ನನ್ನ ಲೋಟ ಯಾವುದು ಎಂದು ಅವಳಿಗೂ ಗೊತ್ತಿರಲಿಲ್ಲ. ನಾನು ಕುಡಿದು "ಥ್ಯಾಂಕ್ಸ್" ಎಂದೆ. ಹೆಂಡತಿಗೆ ಯಾರಾದರೂ ಹಾಗನ್ನುತ್ತಾರಾ? ಇಬ್ಬರಿಗೂ ನಾಚಿಕೆಯಾಯಿತು. ತಿಂಗಳು ಮುಗಿದು ನಾನು ಹೊರಟಾಗ ಅವಳು ಬಸ್ಸಿನವರೆಗೂ ಬಂದಳು. ಬಸ್ಸು ಹೊರಟ ಮೇಲೆ ಅವಳ ಹೆಗಲು ಇಳಿದದ್ದನ್ನು ಕಿಟಕಿಯಿಂದ ನೋಡಿದೆ. ನನ್ನದೂ ಇಳಿದಿತ್ತು. ಆಮೇಲೆ ದಾರಿಯುದ್ದಕ್ಕೂ ದರದ ಲೆಕ್ಕ ಹಾಕಿದೆ. ಅದೊಂದು ಇತ್ತಲ್ಲ, ಹಾಕಲು.

ಬಂದುಬಿಡಿ ಎಂದು ನೀನು ಬರೆದೆ. ಓದಿ ಬಹಳ ಹೊತ್ತು ಕೂತಿದ್ದೆ, ಕೆಳಗೆ ಮೂರು ಸಲ ಗಂಟೆ ಒತ್ತಿದರು.

ಇವತ್ತು ಕಂಪನಿಯವರು ಕರಾರಿನ ಕಾಗದ ಕೊಟ್ಟರು. ಎಷ್ಟು ಅವಧಿ ಎನ್ನುವಲ್ಲಿ ಖಾಲಿ ಬಿಟ್ಟಿದ್ದರು. ಎರಡು ವರ್ಷ ಎಂದು ಬರೆದು ಸಹಿ ಹಾಕಿದೆ. ನಿನ್ನ ಎರಡನೇ ಪತ್ರ ನನಗೆ ತಲುಪಿದೆ ಎಂದು ಅಮ್ಮನಿಗೆ ಹೇಳಬೇಡ. ಎರಡು ವರ್ಷ ಎಂದಿದ್ದ ಮೊದಲನೆಯದೇ ಬಂತು, ಅಪ್ಪ ನಂಬಿದರು, ದರ ಏರಲಿ ಎಂದು ಕಾಯುತ್ತಿದ್ದಾರೆ ಎಂದು ಹೇಳು.

ನಿನ್ನ ಅಪ್ಪ